ಬೇಸ್ ಎಲ್ಲಿ ಹೋಯಿತು? ಮನೆಯಲ್ಲೇ ಸಂಗೀತ ಮಾಡುವವರ ಪ್ರಶ್ನೆಗಳು

ಕಂಪ್ಯೂಟರ್‌ನಲ್ಲಿ ಸಂಗೀತ ಮಾಡುವುದರ ಬಗ್ಗೆ ಪ್ರಶ್ನೆ ಇದ್ದರೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಇಷ್ಟು ಪತ್ರ ಬರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಮಂಗಳೂರಿನಿಂದ ಬ್ರಹ್ಮಾವರದ ತನಕ ಎಷ್ಟೋ ಮನೆಗಳ ಉಪ್ಪರಿಗೆಯಲ್ಲಿ ಯಾರೋ ಒಬ್ಬರು ಹೆಡ್‌ಫೋನ್ ಹಾಕಿಕೊಂಡು ಬೀಟ್ ಕೂರಿಸುತ್ತಿದ್ದಾರೆ ಎಂದು ತಿಳಿದು ತುಂಬ ಖುಷಿಯಾಯಿತು. ನಾನೂ ಉಡುಪಿಯ ಒಂದು ಹಂಚಿನ ಮನೆಯ ಕೋಣೆಯಲ್ಲಿ, ಹೇಳಿಕೊಡುವವರು ಯಾರೂ ಇಲ್ಲದೆ ಕಲಿತವನು. ಎಲ್ಲ ಪತ್ರಕ್ಕೂ ಇಲ್ಲಿ ಜಾಗ ಸಾಲದು. ಒಂದೇ ತರದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಡಿಗ್ರಿ ಎರಡನೇ ವರ್ಷದಲ್ಲಿದ್ದೇನೆ. 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಇದೆ. ಟ್ಯೂಷನ್ ಹೇಳಿಕೊಟ್ಟು 15,000 ರೂಪಾಯಿ ಉಳಿಸಿದ್ದೇನೆ. ಮೊದಲು ಸ್ಪೀಕರ್ ತೆಗೆದುಕೊಳ್ಳಲಾ, ಕೀಬೋರ್ಡ್ ತೆಗೆದುಕೊಳ್ಳಲಾ? ಯಾವ ಸಾಫ್ಟ್‌ವೇರ್ ಒಳ್ಳೆಯದು? (ಸುರತ್ಕಲ್)

ಉತ್ತರ: ಸ್ಪೀಕರ್ ಈಗ ಬೇಡ. ಆ ದುಡ್ಡಿಗೆ ಬರುವ ಸ್ಪೀಕರ್ ಚಿಕ್ಕ ಕೋಣೆಯಲ್ಲಿ ನಿಮಗೆ ನಿಜ ಹೇಳುವುದಿಲ್ಲ, ಯಾಕೆಂದು ಕೆಳಗಿನ ಉತ್ತರದಲ್ಲಿ ವಿವರವಾಗಿ ಬರೆದಿದ್ದೇನೆ. ಮೊದಲು ಒಂದು ಒಳ್ಳೆಯ ಹೆಡ್‌ಫೋನ್ ತೆಗೆದುಕೊಳ್ಳಿ. ಸ್ಟುಡಿಯೋ ಕೆಲಸಕ್ಕೆಂದೇ ಮಾಡಿದ್ದು, ಕಿವಿಯ ಸುತ್ತ ಪೂರ್ತಿ ಕೂರುವಂಥದ್ದು, ವೈರ್ ಇರುವಂಥದ್ದು. ಬ್ಲೂಟೂತ್ ಆದರೆ ಕೀ ಒತ್ತಿದ ಮೇಲೆ ಶಬ್ದ ತಡವಾಗಿ ಬರುತ್ತದೆ, ನುಡಿಸಲು ಆಗುವುದೇ ಇಲ್ಲ. ಡಬ್ಬದ ಮೇಲೆ ‘ಎಕ್ಸ್‌ಟ್ರಾ ಬೇಸ್’ (ಬೇಸ್ ಅಂದರೆ ಅಡಿಯ ದಪ್ಪ ಶಬ್ದ) ಎಂದು ಬರೆದದ್ದನ್ನೂ ಬಿಡಿ. ಇಲ್ಲದ ಬೇಸ್ ಕೇಳಿಸಿದರೆ ನೀವು ಹಾಡಿನಲ್ಲಿ ಬೇಸ್ ಕಡಿಮೆ ಮಾಡಿಬಿಡುತ್ತೀರಿ.

ಉಳಿದ ದುಡ್ಡಿನಲ್ಲಿ ಕಂಪ್ಯೂಟರ್‌ಗೆ ಜೋಡಿಸಿ ನುಡಿಸುವ, 25 ಕೀ ಇರುವ ಚಿಕ್ಕ ಮಿಡಿ ಕೀಬೋರ್ಡ್ ಸಾಕು. ಬೇರೆ ಬೇರೆ ಕಂಪನಿಯ ವಾದ್ಯಗಳನ್ನು ಒಂದಕ್ಕೊಂದು ಜೋಡಿಸಲೆಂದು 1983ರಲ್ಲಿ ಬಂದ ಮಿಡಿ ಪದ್ಧತಿಯೇ ಇವತ್ತಿಗೂ ನಡೆಯುತ್ತಿದೆ. ಹಾಗಾಗಿ ಹಳೆಯ ಸೆಕೆಂಡ್ ಹ್ಯಾಂಡ್ ಕೀಬೋರ್ಡ್ ಸಿಕ್ಕಿದರೂ ಧೈರ್ಯವಾಗಿ ತೆಗೆದುಕೊಳ್ಳಿ. ಮೈಕ್ ಹಾಕಿ ಹಾಡುವುದಿಲ್ಲ ಎಂದಾದರೆ ಆಡಿಯೋ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ಸದ್ಯಕ್ಕೆ ಬೇಕಿಲ್ಲ. ವಿಂಡೋಸ್ ಆದರೆ ‘ಆಸಿಯೋ ಫೋರ್ ಆಲ್’ ಎಂಬ, ಶಬ್ದದ ತಡ ಕಡಿಮೆ ಮಾಡುವ ಉಚಿತ ಡ್ರೈವರ್ ಹಾಕಿಕೊಳ್ಳಿ. ಆಮೇಲೆ ಬಫರ್ ಎಂಬ ಒಂದು ಸಂಖ್ಯೆ ನೋಡಿ, ಕಂಪ್ಯೂಟರ್ ಒಂದು ಸಲಕ್ಕೆ ಎಷ್ಟು ಸ್ಯಾಂಪಲ್ (ಶಬ್ದದ ಚೂರು) ಕೂಡಿಸಿ ಕಳಿಸುತ್ತದೆ ಎಂಬುದು ಅದು. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ 128ರ ಬಫರ್ ಅಂದರೆ ಸುಮಾರು 3 ಮಿಲಿಸೆಕೆಂಡ್ ತಡ, 1024 ಅಂದರೆ 23 ಮಿಲಿಸೆಕೆಂಡ್ ತಡ. ನುಡಿಸುವಾಗ ಕಡಿಮೆ ಇಡಿ. ಮಿಕ್ಸ್ ಮಾಡುವಾಗ, ಅಂದರೆ ಎಲ್ಲ ಟ್ರ್ಯಾಕ್ ಸೇರಿಸಿ ಹೊಂದಿಸುವಾಗ, ಜಾಸ್ತಿ ಇಡಿ, ಲ್ಯಾಪ್‌ಟಾಪ್‌ಗೆ ಉಸಿರಾಡಲು ಸಿಗುತ್ತದೆ.

ಸಾಫ್ಟ್‌ವೇರ್ ವಿಷಯ. ರೀಪರ್ 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ಆಮೇಲೆ ವೈಯಕ್ತಿಕ ಲೈಸೆನ್ಸ್‌ಗೆ 60 ಡಾಲರ್. ಎಫ್‌ಎಲ್ ಸ್ಟುಡಿಯೋ ಬೀಟ್ ಮಾಡಲು ಬಹಳ ಸಲೀಸು, ಒಮ್ಮೆ ಕೊಂಡರೆ ಹೊಸ ಆವೃತ್ತಿಗಳು ಉಚಿತ, ಆದರೆ ಟ್ರಯಲ್‌ನಲ್ಲಿ ಸೇವ್ ಮಾಡಿದ ಪ್ರಾಜೆಕ್ಟ್ ಮತ್ತೆ ತೆರೆಯಲು ಬಿಡುವುದಿಲ್ಲ. ಎಲ್‌ಎಂಎಂಎಸ್ ಪೂರ್ತಿ ಉಚಿತ. ಆ್ಯಪಲ್ ಕಂಪ್ಯೂಟರ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಹಾಗೆಯೇ ಸಿಗುತ್ತದೆ. ಒಂದನ್ನು ಆರಿಸಿ ಒಂದು ವರ್ಷ ಬದಲಾಯಿಸಬೇಡಿ. ಕ್ರ್ಯಾಕ್ ಮಾಡಿದ್ದನ್ನು ಮಾತ್ರ ಹಾಕಬೇಡಿ ಮಾರಾಯ್ರೆ. ಅಂಥ ಒಂದು ಫೈಲಿನ ಜೊತೆ ಬಂದ ವೈರಸ್‌ನಿಂದ ನನ್ನ ಮೊದಲ ಎರಡು ವರ್ಷದ ಕೆಲಸ ಪೂರ್ತಿ ಹೋಯಿತು, ಒಂದು ಹಾಡೂ ಉಳಿಯಲಿಲ್ಲ.

ಪ್ರಶ್ನೆ: ನನ್ನ ಕೋಣೆ ಹತ್ತು ಅಡಿಗೆ ಹತ್ತು ಅಡಿ. ಎರಡು ಚಿಕ್ಕ ಸ್ಟುಡಿಯೋ ಸ್ಪೀಕರ್ ಇವೆ. ಕೋಣೆ ನಡುವೆ ಟೇಬಲ್ ಹಾಕಿ ಕೂತಿದ್ದೇನೆ. ಬೇಸ್ ಸಾಲುವುದಿಲ್ಲ ಎಂದು ಏರಿಸುತ್ತೇನೆ, ಫ್ರೆಂಡ್ ಕಾರಿನಲ್ಲಿ ಹಾಕಿದರೆ ಡೋರ್ ನಡುಗುತ್ತದೆ. ಅದೇ ಹಾಡು ಮೊಬೈಲ್‌ನಲ್ಲಿ ಹಾಕಿದರೆ ಬೇಸ್ ಇಲ್ಲವೇ ಇಲ್ಲ! ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಸರಿಹೋಗುತ್ತದಾ? (ಕಟಪಾಡಿ)

ಉತ್ತರ: ಮೊಟ್ಟೆ ಟ್ರೇ ಬೇಡ. ಅದು ತೆಳು ಕಾಗದ. ಬೇಸ್ ಹಿಡಿಯಲು ಅದಕ್ಕೆ ದಪ್ಪವೂ ಇಲ್ಲ, ಹೊರಗೆ ಹೋಗುವ ಶಬ್ದ ತಡೆಯಲು ತೂಕವೂ ಇಲ್ಲ. ಮೇಲಿಂದ ಬೆಂಕಿಯ ಭಯ.

ಈ ಪ್ರಶ್ನೆ ಏಳೆಂಟು ಪತ್ರಗಳಲ್ಲಿ ಬಂದಿದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಮೊದಲು ಒಂದು ಕೆಲಸ ಮಾಡಿ. ಸಾಫ್ಟ್‌ವೇರ್‌ನಲ್ಲಿ ಯಾವುದಾದರೂ ಸಿಂತ್ (ಶಬ್ದ ಹುಟ್ಟಿಸುವ ವಾದ್ಯ) ತೆರೆದು ಸೈನ್ ವೇವ್, ಅಂದರೆ ಬೇರೆ ಪದರ ಇಲ್ಲದ ಶುದ್ಧ ಸ್ವರ, ಇಟ್ಟು ಸೆಕೆಂಡಿಗೆ 55 ಅಲೆಯ, ಅಂದರೆ 55 ಹರ್ಟ್ಜ್‌ನ ‘ಎ’ ಸ್ವರ ಒತ್ತಿ ಹಿಡಿಯಿರಿ. ವಾಲ್ಯೂಮ್ ಮಧ್ಯಮ ಇರಲಿ. ಈಗ ಎದ್ದು ಕೋಣೆಯಲ್ಲಿ ಮೆಲ್ಲ ನಡೆಯಿರಿ. ಗೋಡೆ ಹತ್ತಿರ ಹೋದ ಹಾಗೆ ಶಬ್ದ ದಪ್ಪವಾಗುತ್ತದೆ, ಮೂಲೆಗೆ ಹೋದರೆ ಕಿವಿ ಒತ್ತಿ ಹಿಡಿದ ಹಾಗೆ ಆಗುತ್ತದೆ, ಅಲ್ಲಿಂದ ನಟ್ಟ ನಡುವಿಗೆ ಬಂದರೆ ಅದೇ ಸ್ವರ ಹೆಚ್ಚುಕಡಿಮೆ ಮಾಯ. ಸ್ಪೀಕರ್ ಅದೇ, ವಾಲ್ಯೂಮ್ ಅದೇ. ನಿಂತ ಜಾಗ ಮಾತ್ರ ಬೇರೆ.

ಇದರ ಲೆಕ್ಕ ಸುಲಭ. ನಮ್ಮ ಕರಾವಳಿಯ ಸೆಕೆಗೆ ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. 56 ಹರ್ಟ್ಜ್‌ನ ಒಂದು ಅಲೆಯ ಉದ್ದ ಆರು ಮೀಟರ್ ಚಿಲ್ಲರೆ, ಅಂದರೆ ಇಪ್ಪತ್ತು ಅಡಿ. ನಿಮ್ಮ ಕೋಣೆ ಸರಿಯಾಗಿ ಅದರ ಅರ್ಧ. ಅಲೆ ಗೋಡೆಗೆ ಬಡಿದು ವಾಪಸ್ ಬರುವಾಗ ಗೋಡೆ ಹತ್ತಿರ ಎರಡೂ ಸೇರಿ ದೊಡ್ಡದಾಗುತ್ತವೆ, ನಡುವೆ ಒಂದನ್ನೊಂದು ಕಳೆಯುತ್ತವೆ. ಚೌಕ ಕೋಣೆಯಲ್ಲಿ ಉದ್ದಕ್ಕೂ ಅಗಲಕ್ಕೂ ಒಂದೇ ಸಂಖ್ಯೆ ಬರುವುದರಿಂದ ತೊಂದರೆ ಇಮ್ಮಡಿ. ನಿಮ್ಮ ಕಿಕ್ (ಡ್ರಮ್‌ನ ದಪ್ಪ ಏಟು) ಮತ್ತು ಬೇಸ್‌ನ ಜೀವ ಇರುವುದೇ 50ರಿಂದ 60 ಹರ್ಟ್ಜ್ ಹತ್ತಿರ, ನೀವು ಕೂತಿರುವುದು ಅದು ಕೇಳಿಸದ ಜಾಗದಲ್ಲಿ. ಇಲ್ಲದ ಬೇಸ್‌ಗೆ ವಾಲ್ಯೂಮಿನ ಫೇಡರ್ ಏರಿಸುತ್ತೀರಿ, ಅದು ಕಾರಿನಲ್ಲಿ ಬಂದು ಬಡಿಯುತ್ತದೆ.

ಹಾಗಾದರೆ ಮೊದಲು ಕುರ್ಚಿ ಸರಿಸಿ, ಅದಕ್ಕೆ ದುಡ್ಡು ಬೇಡ. ಮುಂದಿನ ಗೋಡೆಯಿಂದ ಕೋಣೆಯ ಉದ್ದದ 38 ಶೇಕಡಾ ದೂರ, ನಿಮ್ಮಲ್ಲಿ ನಾಲ್ಕು ಅಡಿಗೆ ಸ್ವಲ್ಪ ಕಡಿಮೆ, ಅಲ್ಲಿ ತಲೆ ಬರುವ ಹಾಗೆ ಕೂತು ನೋಡಿ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮ ತ್ರಿಕೋನ ಆಗಬೇಕು, ಸ್ಪೀಕರ್‌ನ ಮೇಲಿನ ಚಿಕ್ಕ ಬಾಯಿ ಕಿವಿಯ ಮಟ್ಟಕ್ಕೆ ಇರಬೇಕು. ನಾನು ನನ್ನ ಕುರ್ಚಿ ಹೀಗೆ ಒಂದೂವರೆ ಅಡಿ ಮುಂದೆ ಸರಿಸಿದ ದಿನ ಹಳೆಯ ಹಾಡುಗಳನ್ನು ಮತ್ತೆ ಹಾಕಿ ಕೇಳಿದೆ. ಒಂದೊಂದರಲ್ಲೂ ಬೇಸ್ ಎಷ್ಟು ಜಾಸ್ತಿ ಇತ್ತು ಎಂದು ಆಗ ಗೊತ್ತಾಯಿತು.

ಆಮೇಲೆ ಮೂಲೆಗಳು. ಮನೆಯಲ್ಲಿ ಹಳೆಯ ಬೂರುಗದ ಹತ್ತಿಯ ಹಾಸಿಗೆ ಇದ್ದರೆ ಸುತ್ತಿ ಎರಡು ಮೂಲೆಯಲ್ಲಿ ನಿಲ್ಲಿಸಿ. ಎಷ್ಟು ದಪ್ಪವೋ ಅಷ್ಟು ಒಳ್ಳೆಯದು. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದಿಡಿ. ಹಂಚಿನ ಮಾಡಿನ ಕೋಣೆ ಇದ್ದವರಿಗೆ ಒಂದು ಅನುಕೂಲ ಇದೆ. ಮಾಡು ಓರೆ ಇರುವುದರಿಂದ, ಶಬ್ದ ಸಂದಿಯಲ್ಲಿ ಹೊರಗೆ ಹೋಗುವುದರಿಂದ, ನೆಲಕ್ಕೂ ಮಾಡಿಗೂ ನಡುವಿನ ಗುಂಯ್ ಕಡಿಮೆ. ಆದರೆ ಹೊರಗೆ ಹೋದ ಶಬ್ದ ನೆರೆಮನೆಗೆ ಹೋಗುತ್ತದೆ ಅಲ್ವಾ? ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ 45 ಡೆಸಿಬೆಲ್ ಮಿತಿ ಎಂದು 2000ದ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ಹತ್ತು ಗಂಟೆಗೆ ಸ್ಪೀಕರ್ ಬಂದ್ ಮಾಡಿ ಹೆಡ್‌ಫೋನ್‌ಗೆ ಬನ್ನಿ.

ಇನ್ನು ಮೊಬೈಲ್. ಅದರ ಚಿಕ್ಕ ಸ್ಪೀಕರ್‌ನಿಂದ 200 ಹರ್ಟ್ಜ್ ಕೆಳಗಿನದು ಬಹುತೇಕ ಬರುವುದೇ ಇಲ್ಲ. ನೀವು ಬೇಸ್ ಎಷ್ಟು ಏರಿಸಿದರೂ ಬರುವುದಿಲ್ಲ. ಆದರೆ ನಮ್ಮ ಕಿವಿಗೆ ಒಂದು ಗುಣ ಇದೆ. 55 ಹರ್ಟ್ಜ್ ಸ್ವರದ ಮೇಲಿನ ಪದರಗಳು, 220, 275, 330, ಹೀಗೆ ಕೇಳಿಸಿದರೆ ಮನಸ್ಸು ಕೆಳಗಿನ ಮೂಲ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಹಾಗಾಗಿ ಬೇಸ್ ಟ್ರ್ಯಾಕ್‌ನ ಒಂದು ಕಾಪಿ ಮಾಡಿ. ಅದಕ್ಕೆ ಸ್ಯಾಚುರೇಶನ್ ಹಾಕಿ, ಸ್ವಲ್ಪ ಒರಟಾಗಲಿ, ಆಮೇಲೆ ಅದರಲ್ಲಿ 150 ಹರ್ಟ್ಜ್ ಕೆಳಗಿನದನ್ನು ಕತ್ತರಿಸಿ. ಇದನ್ನು ಮೂಲ ಬೇಸ್‌ನ ಅಡಿಯಲ್ಲಿ ಸಣ್ಣಗೆ ಸೇರಿಸಿ. ಕಾರಿನಲ್ಲಿ ಬೇಸ್ ಏರುವುದಿಲ್ಲ, ಮೊಬೈಲ್‌ನಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ.

ಕಿಕ್ ಮತ್ತು ಬೇಸ್ ಒಂದೇ ಜಾಗಕ್ಕೆ ಜಗಳ ಆಡುತ್ತಿದ್ದರೆ ಒಂದನ್ನು ಸರಿಸಿ. 120 ಬಿಪಿಎಂ (ನಿಮಿಷಕ್ಕೆ 120 ಬೀಟ್) ಹಾಡಿನಲ್ಲಿ ಅರ್ಧ ಸೆಕೆಂಡಿಗೊಂದು ಕಿಕ್ ಬರುತ್ತದೆ. ಬೇಸ್ ಮೇಲೆ ಕಂಪ್ರೆಸರ್ (ಜೋರು ಶಬ್ದ ತಗ್ಗಿಸುವ ಸಾಧನ) ಹಾಕಿ, ಯಾವಾಗ ತಗ್ಗಿಸಬೇಕೆಂದು ತಿಳಿಸುವ ಅದರ ಸೈಡ್‌ಚೈನ್‌ಗೆ ಕಿಕ್ ಕೊಟ್ಟರೆ, ಕಿಕ್ ಬಿದ್ದಾಗ ಬೇಸ್ ತಲೆ ತಗ್ಗಿಸಿ ಆಮೇಲೆ ಎದ್ದು ಬರುತ್ತದೆ. ರಿಲೀಸ್, ಅಂದರೆ ಹಾಗೆ ಎದ್ದು ಬರುವ ಹೊತ್ತು, 100ರಿಂದ 200 ಮಿಲಿಸೆಕೆಂಡ್ ಒಳಗೆ ಇಟ್ಟು ಕಿವಿಯಿಂದ ಹೊಂದಿಸಿ. 120 ಹರ್ಟ್ಜ್ ಕೆಳಗಿನದನ್ನೆಲ್ಲ ಮೋನೋ (ಎರಡೂ ಸ್ಪೀಕರ್‌ನಲ್ಲಿ ಒಂದೇ ಶಬ್ದ) ಮಾಡಿ. ಪ್ಯಾಡ್ (ಹಿನ್ನೆಲೆಯ ಉದ್ದ ಸ್ವರ), ದನಿ, ಗಿಟಾರ್ ಇಂಥದ್ದರಲ್ಲಿ ಅಡಿಯಲ್ಲಿ ಸುಮ್ನೆ ಕೂತಿರುವ ಬೇಸ್ ಕತ್ತರಿಸಿ, ಆದರೆ ಪ್ರತಿ ಟ್ರ್ಯಾಕ್‌ನಲ್ಲೂ ಕಣ್ಣು ಮುಚ್ಚಿ ಕತ್ತರಿಸಬೇಡಿ, ಹಾಡು ತೆಳ್ಳಗಾಗುತ್ತದೆ.

ಕೊನೆಯದಾಗಿ ವಾಲ್ಯೂಮ್. ಶಬ್ದ ಸಣ್ಣದಾದಾಗ ನಮ್ಮ ಕಿವಿಗೆ ಬೇಸ್ ಇನ್ನೂ ಕಡಿಮೆ ಕೇಳಿಸುತ್ತದೆ ಎಂದು ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು 1933ರಲ್ಲೇ ಅಳೆದು ತೋರಿಸಿದ್ದಾರೆ. ದಿನಕ್ಕೊಂದು ವಾಲ್ಯೂಮ್‌ನಲ್ಲಿ ಕೇಳಿದರೆ ದಿನಕ್ಕೊಂದು ಮಿಕ್ಸ್ ಆಗುತ್ತದೆ. ಪಕ್ಕದಲ್ಲಿ ಕೂತವರ ಜೊತೆ ದನಿ ಏರಿಸದೆ ಮಾತಾಡಲು ಆಗುವಷ್ಟು ಇಟ್ಟು, ಸ್ಪೀಕರ್‌ನ ತಿರುಗಣೆಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ನಿಮಗೆ ಇಷ್ಟವಾದ, ಚೆನ್ನಾಗಿ ಮಿಕ್ಸ್ ಆದ ಒಂದು ಹಾಡನ್ನು ಪಕ್ಕದ ಟ್ರ್ಯಾಕ್‌ನಲ್ಲಿ ಇಟ್ಟುಕೊಳ್ಳಿ. ಅದರ ಶಬ್ದ ತಗ್ಗಿಸಿ ನಿಮ್ಮದರ ಸಮಕ್ಕೆ ತಂದು ಹೋಲಿಸಿ. ಹೀಗೆ ತಗ್ಗಿಸದಿದ್ದರೆ ಜೋರಾಗಿರುವುದೇ ಒಳ್ಳೆಯದು ಎಂದು ಕಿವಿ ಯಾವಾಗಲೂ ಮೋಸ ಹೋಗುತ್ತದೆ.

ಪ್ರಶ್ನೆ: ಮಗ ಸೆಕೆಂಡ್ ಪಿಯುಸಿ. ರಾತ್ರಿ ಒಂದು ಗಂಟೆ ತನಕ ಹೆಡ್‌ಫೋನ್ ಹಾಕಿ ಏನೋ ಮಾಡುತ್ತಿರುತ್ತಾನೆ. ಕಿವಿ ಹಾಳಾಗುವುದಿಲ್ಲವಾ? ಇದರಲ್ಲಿ ಹೊಟ್ಟೆ ತುಂಬುತ್ತದಾ? (ಬಿಜೈ)

ಉತ್ತರ: ಅಕ್ಕಾ, ಮೊದಲು ಕಿವಿ. ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ತನಕ ಕೇಳಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 3 ಡೆಸಿಬೆಲ್ ಜಾಸ್ತಿಯಾದರೆ ಹೊತ್ತು ಅರ್ಧಕ್ಕೆ ಇಳಿಯುತ್ತದೆ, ಮಕ್ಕಳಿಗೆ ಮಿತಿ ಇನ್ನೂ ಕಡಿಮೆ. ನೀವು ಪಕ್ಕದಲ್ಲಿ ನಿಂತಾಗ ಅವನ ಹೆಡ್‌ಫೋನ್‌ನ ಹಾಡು ನಿಮಗೆ ಸ್ಪಷ್ಟವಾಗಿ ಕೇಳಿಸಿದರೆ ಜಾಸ್ತಿಯಾಯಿತು ಎಂದೇ ಲೆಕ್ಕ. ಗಂಟೆಗೊಮ್ಮೆ ಹತ್ತು ನಿಮಿಷ ತೆಗೆದಿಡಲಿ. ಕಿವಿಯಲ್ಲಿ ಕುಂಯ್ ಎಂಬ ಶಬ್ದ ಉಳಿದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ರಾತ್ರಿ ಹನ್ನೆರಡರ ಮೇಲೆ ಮಾಡಿದ ಮಿಕ್ಸ್ ಬೆಳಿಗ್ಗೆ ಕೇಳಿದರೆ ಹೇಗೂ ಸರಿ ಇರುವುದಿಲ್ಲ, ದಣಿದ ಕಿವಿ ಚೂಪು ಶಬ್ದ ಗುರುತಿಸುವುದಿಲ್ಲ. ಇದನ್ನು ಅವನಿಗೆ ನನ್ನ ಮಾತಾಗಿ ಹೇಳಿ.

ಹೊಟ್ಟೆಪಾಡು. ಬರೀ ಹಾಡು ಹಾಕಿ ಅದರಿಂದ ಬದುಕುವುದು ಬಹಳ ಕಷ್ಟ, ಆಸೆ ಹುಟ್ಟಿಸಿ ಬರೆಯಲು ನನಗೆ ಮನಸ್ಸಿಲ್ಲ. ಆದರೆ ಶಬ್ದದ ಕೆಲಸ ನಮ್ಮ ಊರಲ್ಲೇ ಇದೆ: ಯಕ್ಷಗಾನ, ನಾಟಕ, ಮದುವೆ ಕಾರ್ಯಕ್ರಮಗಳ ಸೌಂಡ್, ತುಳು ಸಿನಿಮಾದ ಡಬ್ಬಿಂಗ್, ಜಾಹೀರಾತು. ಡಿಗ್ರಿ ಮುಗಿದ ಮೇಲೆ ಸಿನಿಮಾ ಕಲಿಸುವ ಪುಣೆಯ ಎಫ್‌ಟಿಐಐ, ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆ ಎರಡರಲ್ಲೂ ಶಬ್ದ ವಿಭಾಗ ಇದೆ, ಪ್ರವೇಶ ಪರೀಕ್ಷೆ ಬರೆಯಬೇಕು. ಪಿಯುಸಿ ಪರೀಕ್ಷೆ ಮುಗಿಯುವ ತನಕ ವಾರಕ್ಕೆ ಎರಡು ದಿನ ಎಂದು ಒಪ್ಪಂದ ಮಾಡಿಕೊಳ್ಳಿ. ಪೂರ್ತಿ ಬಿಡಿಸಬೇಡಿ ಅಕ್ಕಾ.

ಪ್ರಶ್ನೆ: ಹುಲಿವೇಷದ ತಾಸೆ ಬಡಿತ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದೆ. ಕೇಳಿದರೆ ಬರೀ ಚರಚರ. ಸರಿ ಮಾಡಲು ಪ್ಲಗಿನ್ ಇದೆಯಾ? (ಉಡುಪಿ, ಕಲ್ಸಂಕ)

ಉತ್ತರ: ಅಷ್ಟು ಒಡೆದದ್ದು ಸರಿಯಾಗುವುದಿಲ್ಲ. ನನಗೂ ಒಂದು ಅಷ್ಟಮಿಗೆ ಹೀಗೇ ಆಗಿತ್ತು. ರಥಬೀದಿಯಲ್ಲಿ ಗುಂಪಿನ ನಡುವೆ ನುಗ್ಗಿ, ತಾಸೆಯ ಮುಖದ ಹತ್ತಿರ ಫೋನ್ ಹಿಡಿದು, ಎರಡು ಗಂಟೆ ರೆಕಾರ್ಡ್ ಮಾಡಿ ಮನೆಗೆ ಬಂದು ನೋಡಿದರೆ ಅಲೆಗಳ ತಲೆ ಎಲ್ಲ ಕತ್ತಿಯಲ್ಲಿ ಕತ್ತರಿಸಿದ ಹಾಗೆ ಚಪ್ಪಟೆ. ಬೆಂಕಿಗೆ ಹಿಡಿದು ಬಿಗಿ ಮಾಡಿದ ತಾಸೆಗೆ ತೆಳು ಕೋಲಿನ ಏಟು ಬಿದ್ದಾಗ ಬರುವ ಮೊದಲ ಚಟ್ ಇದೆಯಲ್ಲ, ಅದು ಕೆಲವೇ ಮಿಲಿಸೆಕೆಂಡಿನದು, ಆದರೆ ಬಹಳ ಎತ್ತರ. ಫೋನ್ ತಾನಾಗಿ ಲೆವೆಲ್ ಹೊಂದಿಸಲು ಹೋಗಿ ತಡವಾಗುತ್ತದೆ.

ಮುಂದಿನ ಸಲ ಲೆವೆಲ್ ಕೈಯಲ್ಲೇ ಹೊಂದಿಸಲು ಬಿಡುವ ರೆಕಾರ್ಡರ್ ಬಳಸಿ, ವೇವ್ ಫೈಲ್, 24 ಬಿಟ್. ಅತಿ ಜೋರಿನ ಏಟು ರೆಕಾರ್ಡರ್‌ನ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ದಾಟದಿರಲಿ. ಹತ್ತು ಹನ್ನೆರಡು ಅಡಿ ದೂರ ನಿಲ್ಲಿ, ಗೋಡೆಗೆ ಬೆನ್ನು ಹಾಕಬೇಡಿ. ಇನ್ನೂ ಒಳ್ಳೆಯದು ಅಂದರೆ ತಾಸೆಯವರಲ್ಲಿ ಕೇಳಿಕೊಂಡು ಬೇರೆ ದಿನ ಒಂದು ಅಂಗಳದಲ್ಲಿ ತಾಸೆ ಒಂದೇ, ಡೋಲು ಒಂದೇ, ಹೀಗೆ ಬೇರೆ ಬೇರೆ ಹಿಡಿಯುವುದು. ಅವರ ಸಮಯಕ್ಕೆ ದುಡ್ಡು ಕೊಡಿ, ಹಾಡಿನಲ್ಲಿ ಹೆಸರು ಹಾಕಿ. ತಾಸೆ ಮೇಲೆ, ಡೋಲು ಕೆಳಗೆ ತಾವೇ ಜಾಗ ಹಂಚಿಕೊಂಡಿವೆ. ನಿಮ್ಮ ಕಿಕ್‌ಗೆ ಜಾಗ ಬೇಕಾದರೆ ಡೋಲಿನ ಅಡಿಯನ್ನು ಸ್ವಲ್ಪ ತೆಗೆಯಿರಿ, ತಾಸೆಯನ್ನು ಮುಟ್ಟಬೇಡಿ.

ಪ್ರಶ್ನೆ: ತ್ರಿವುಡೆ ತಾಳದ ಯಕ್ಷಗಾನ ಪದಕ್ಕೆ ಹೌಸ್ (ಒಂದು ಬಗೆಯ ಡಾನ್ಸ್ ಸಂಗೀತ) ಬೀಟ್ ಹಾಕಿದರೆ ಪ್ರತಿ ಸಲ ತಪ್ಪುತ್ತದೆ. (ಬ್ರಹ್ಮಾವರ)

ಉತ್ತರ: ತಪ್ಪುತ್ತಿಲ್ಲ, ಪೂರ್ತಿ ಸುತ್ತು ಬರುವ ತನಕ ನೀವು ಕಾಯುತ್ತಿಲ್ಲ. ತ್ರಿವುಡೆ ಏಳರ ಲೆಕ್ಕ, ಬೀಟ್ ನಾಲ್ಕರ ಲೆಕ್ಕ. 28 ಅಕ್ಷರ ಮುಗಿದಾಗ ಎರಡೂ ಮತ್ತೆ ಒಟ್ಟಿಗೆ ಬರುತ್ತವೆ. ಆ 28ನ್ನೇ ಒಂದು ತುಂಡು ಎಂದು ಹಿಡಿದು ನೋಡಿ. ಇಲ್ಲವೇ ಪ್ರಾಜೆಕ್ಟನ್ನೇ 7ಕ್ಕೆ ಹಾಕಿ ಕಿಕ್ ಅನ್ನು ಮೂರು, ಎರಡು, ಎರಡು ಎಂದು ಇಡಿ. ಶ್ರುತಿಯನ್ನೂ ನೋಡಿಕೊಳ್ಳಿ. ಭಾಗವತರು ಕಪ್ಪು ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ) ಶ್ರುತಿಯಲ್ಲಿ ಹಾಡಿದ್ದರೆ ನಿಮ್ಮ ಷಡ್ಜ ಸಿ ಶಾರ್ಪ್, ಬೇಸ್‌ನಲ್ಲಿ ಅದು 69 ಹರ್ಟ್ಜ್. ಕಿಕ್ ಅನ್ನು ಅದರ ಕೆಳಗಿನ ಪಂಚಮಕ್ಕೆ, 52 ಹರ್ಟ್ಜ್‌ಗೆ ಶ್ರುತಿ ಮಾಡಿದರೆ ಚೆನ್ನಾಗಿ ಕೂರುತ್ತದೆ. ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲೇ ರೋಲ್ಯಾಂಡ್ ಕಂಪನಿಯ 808 (ಡ್ರಮ್) ಮತ್ತು 303 (ಬೇಸ್) ಯಂತ್ರಗಳನ್ನು ಬಳಸಿ ಡಿಸ್ಕೋ ಬೀಟಿನ ಮೇಲೆ ರಾಗ ನುಡಿಸಿದವರು. ನಮ್ಮ ಸಂಗೀತ ಈ ಯಂತ್ರಗಳಿಗೆ ಹೊಂದುವುದಿಲ್ಲ ಎಂದು ಯಾರಾದರೂ ಹೇಳಿದರೆ ಅವರನ್ನು ನೆನಪಿಸಿಕೊಳ್ಳಿ.

ಪ್ರಶ್ನೆ: ನನ್ನ ಹತ್ತಿರ ನಲವತ್ತು ಲೂಪ್ (ಮತ್ತೆ ಮತ್ತೆ ಬರುವ ತುಂಡು) ಇವೆ. ಒಂದೂ ಹಾಡಾಗಿಲ್ಲ. (ಮಣಿಪಾಲ)

ಉತ್ತರ: 124 ಬಿಪಿಎಂನಲ್ಲಿ ಎಂಟು ಬಾರಿನ ಲೂಪ್, ಒಂದು ಬಾರಿಗೆ ನಾಲ್ಕು ಬೀಟ್, ಅಂದರೆ ಹದಿನೈದು ಸೆಕೆಂಡ್. ಅದನ್ನೇ ನೂರು ಸಲ ಕೇಳಿದರೆ ಯಾರಿಗಾದರೂ ಬೇಸರವೇ. ಇಷ್ಟದ ಒಂದು ಹಾಡನ್ನು ಪ್ರಾಜೆಕ್ಟಿಗೆ ಎಳೆದು ತನ್ನಿ. ಎಲ್ಲಿ ಕಿಕ್ ನಿಲ್ಲುತ್ತದೆ, ಎಲ್ಲಿ ಬೇಸ್ ಬರುತ್ತದೆ ಎಂದು ಗುರುತು ಹಾಕಿ. ನಿಮ್ಮ ಲೂಪನ್ನು ನಾಲ್ಕು ನಿಮಿಷಕ್ಕೆ ಉದ್ದಕ್ಕೂ ಹಾಸಿ, ಆ ಗುರುತು ನೋಡಿ ಅಳಿಸುತ್ತ ಹೋಗಿ. ಹೊಸದು ಏನೂ ಸೇರಿಸಬೇಡಿ. ಭಾನುವಾರದೊಳಗೆ ಒಂದು ಮುಗಿಸಿ, ಚೆನ್ನಾಗಿಲ್ಲದಿದ್ದರೂ ಮುಗಿಸಿ.

ಪ್ರಶ್ನೆ: ಯೂಟ್ಯೂಬ್‌ನಲ್ಲಿ ನನ್ನ ಹಾಡು ಬೇರೆಯವರದ್ದಕ್ಕಿಂತ ಸಣ್ಣ ಕೇಳಿಸುತ್ತದೆ. ಜೋರು ಮಾಡಲು ಲಿಮಿಟರ್ ಎಷ್ಟು ಒತ್ತಬೇಕು? (ಕಂಕನಾಡಿ)

ಉತ್ತರ: ಮೈನಸ್ 14 ಲಫ್ಸ್‌ಗಿಂತ (ಲಫ್ಸ್ ಅಂದರೆ ಹಾಡು ಕಿವಿಗೆ ಎಷ್ಟು ಜೋರು ಎಂಬ ಅಳತೆ) ಜೋರಾದದ್ದನ್ನು ಯೂಟ್ಯೂಬ್ ತಾನೇ ತಗ್ಗಿಸುತ್ತದೆ. ಜಾಸ್ತಿ ಒತ್ತಿದರೆ ಏಟಿನ ಹೊಡೆತ ಮಾತ್ರ ಹೋಗುತ್ತದೆ. ಸಣ್ಣ ಕೇಳಿಸಲು ಕಾರಣ ಅಡಿಯಲ್ಲಿ ತುಂಬಿದ ಬೇಸ್ ಇರಬಹುದು. ಕಟಪಾಡಿಯವರಿಗೆ ಬರೆದ ಉತ್ತರ ನೋಡಿ.

ಪ್ರಶ್ನೆ: ಮಳೆಗಾಲದಲ್ಲಿ ಸಾಮಾನು ಉಳಿಸಿಕೊಳ್ಳುವುದು ಹೇಗೆ? (ಮಲ್ಪೆ)

ಉತ್ತರ: ಮೈಕ್ ಮತ್ತು ಹೆಡ್‌ಫೋನನ್ನು ಮುಚ್ಚಳ ಗಟ್ಟಿ ಇರುವ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಗುಡುಗು ಶುರುವಾದರೆ ಕರೆಂಟ್ ಪ್ಲಗ್ ಮಾತ್ರ ಅಲ್ಲ, ಇಂಟರ್‌ನೆಟ್ ವೈರನ್ನೂ ಕಿತ್ತಿಡಿ. ವಾರಕ್ಕೊಮ್ಮೆಯಾದರೂ ಎಲ್ಲವನ್ನೂ ಆನ್ ಮಾಡಿ ಒಂದು ಗಂಟೆ ಬಿಸಿಯಾಗಲು ಬಿಡಿ.

ಪ್ರಶ್ನೆ: ಅಜ್ಜಿ ನೇಜಿ ನೆಡುವಾಗ ಹಾಡುತ್ತಿದ್ದ ತುಳು ಪಾಡ್ದನ (ಕಥೆ ಹೇಳುವ ಹಾಡು) ಈಗಲೂ ಹೇಳುತ್ತಾರೆ. ಅದಕ್ಕೆ ಎಲೆಕ್ಟ್ರಾನಿಕ್ ಸಂಗೀತ ಮಾಡಬೇಕೆಂದು ಆಸೆ. ಭೂತಕೋಲದ ರೆಕಾರ್ಡಿಂಗ್ ಕೂಡ ಇದೆ. ಬಳಸಬಹುದಾ? (ಕಾಪು)

ಉತ್ತರ: ಕೋಲದ್ದು ಬೇಡ. ಅಲ್ಲಿಯ ಪಾಡ್ದನ, ತೆಂಬರೆಯ ಬಡಿತ ದೈವದ ಎದುರು ನಡೆಯುವಂಥದ್ದು. ಅದನ್ನು ಕುಣಿಯುವ ಬೀಟಿಗೆ ಕಟ್ಟಿದರೆ ಎಷ್ಟೋ ಜನಕ್ಕೆ ನೋವಾಗುತ್ತದೆ, ನನಗೂ ಆಗುತ್ತದೆ. ಹಾಡು ಹಳೆಯದು, ಯಾರದೂ ಅಲ್ಲ ಎಂದು ಕೆಲವರು ಹೇಳುತ್ತಾರೆ. ಆದರೆ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡಿದವರಿಗೆ 50 ವರ್ಷ, ಧ್ವನಿಮುದ್ರಣಕ್ಕೆ 60 ವರ್ಷ ಹಕ್ಕು ಇದೆ. ಹಳೆಯ ಕ್ಯಾಸೆಟ್ಟಿನಿಂದ ತುಂಡು ತೆಗೆಯುವವರಿಗೂ ಇದೇ ಮಾತು.

ಅಜ್ಜಿಯದನ್ನು ಖಂಡಿತ ಮಾಡಿ, ಬೇಗ ಮಾಡಿ. ಮಧ್ಯಾಹ್ನ ಮನೆ ಸದ್ದಿಲ್ಲದ ಹೊತ್ತು ನೋಡಿ ಫ್ಯಾನ್, ಫ್ರಿಜ್ ಎರಡೂ ಬಂದ್ ಮಾಡಿ. ಮೈಕ್ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಇರಲಿ. ಅವರು ಕೂತು ಹಾಡಲು ಒಪ್ಪದೆ ಓಡಾಡುತ್ತ ಕೆಲಸ ಮಾಡುತ್ತಲೇ ಹೇಳುತ್ತೇನೆ ಅಂದರೆ ಹಾಗೇ ಹಿಡಿಯಿರಿ. ಕಿವಿಗೆ ಕ್ಲಿಕ್ (ಲಯ ತೋರಿಸುವ ಟಿಕ್ ಟಿಕ್) ಹಾಕಿ ಹಾಡಿಸಬೇಡಿ. ಅವರ ನಡೆ ಒಂದು ಕಡೆ ನಿಧಾನ, ಒಂದು ಕಡೆ ಚುರುಕು ಇರುತ್ತದೆ. ದನಿಯನ್ನು ಎಳೆದು ಬೀಟಿಗೆ ಕೂರಿಸುವ ಬದಲು ಟೆಂಪೋ ಮ್ಯಾಪ್ ಮಾಡಿ, ಅಂದರೆ ಎಲ್ಲಿ ಎಷ್ಟು ವೇಗ ಎಂದು ಗುರುತು ಹಾಕಿ, ಬೀಟನ್ನು ಅವರ ಹಿಂದೆ ನಡೆಸಿ. ಅವರ ಶ್ರುತಿ ಕಂಡುಹಿಡಿದು ಒಂದು ಡ್ರೋನ್ (ತಂಬೂರಿಯ ಹಾಗೆ ನಿಲ್ಲದೆ ನುಡಿಯುವ ಸ್ವರ) ಇಡಿ. 2ರಿಂದ 5 ಕಿಲೋಹರ್ಟ್ಜ್ ನಡುವೆ ಸಿಂತ್‌ಗಳನ್ನು ತಗ್ಗಿಸಿ, ಅಕ್ಷರಗಳು ಸ್ಪಷ್ಟವಾಗುವುದು ಅಲ್ಲಿ. ಪದದ ನಡುವಿನ ಉಸಿರನ್ನು ಅಳಿಸಬೇಡಿ. ಮೂಲ ಫೈಲನ್ನು ಏನೂ ಮಾಡದೆ ಎರಡು ಬೇರೆ ಕಡೆ ಇಡಿ. ಹಾಡು ಆದ ಮೇಲೆ ಯಾರಿಗೂ ಕಳಿಸುವ ಮೊದಲು ಅಜ್ಜಿಗೆ ಹೆಡ್‌ಫೋನ್ ಹಾಕಿ ಪೂರ್ತಿ ಕೇಳಿಸಿ. ಇದು ಬೇಡ ಮಗಾ ಅಂದರೆ ಅಲ್ಲಿಗೇ ನಿಲ್ಲಿಸಿ, ಮೂಲ ಫೈಲ್ ಹೇಗೂ ಮನೆಯಲ್ಲಿ ಇರುತ್ತದೆ.